ಒಣ ತೂಕ, ಹಸಿ ಸುಳ್ಳು

ಕಂಠಣ್ಣನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆಗೆ ಬಿಗಿದ ಕುರ್ಚಿಗಳ ಸಾಲಿತ್ತು. ಒಂದರಿಂದ ಎದ್ದು ಇನ್ನೊಂದರಲ್ಲಿ ಕೂತ. ಅದೂ ಒಗ್ಗದೆ ಮೊದಲಿನದಕ್ಕೇ ಮರಳಿದ. ಅಂಗೈ ತುರಿಸಿಕೊಂಡ, ಮೊಣಕೈ ತುರಿಸಿಕೊಂಡ, ಬೆನ್ನಿಗೆ ಕೈ ಎಟುಕದೆ ಕುರ್ಚಿಗೇ ಬೆನ್ನು ಉಜ್ಜಿದ. ಅಂಗೈ ತುರಿಸಿದರೆ ದುಡ್ಡು ಬರುತ್ತದೆ ಎನ್ನುತ್ತಾರೆ. ಆ ಮಾತು ನಿಜವಾಗಿದ್ದರೆ ಈ ಕಾಯಿಲೆಯ ತುರಿಕೆಗೆ ಅವನು ಇಷ್ಟರಲ್ಲಿ ಆಸ್ಪತ್ರೆಯನ್ನೇ ಕೊಂಡುಕೊಂಡಿರಬೇಕಿತ್ತು.

"ರೀ, ಗೇರೇ ಹಾಕದೆ ಯಾಕೆ ಇಷ್ಟು ರೇಸ್ ಕೊಡ್ತಿದ್ದೀರಾ? ಸುಮ್ನೆ ಕೂತ್ಕೊಳ್ಳಿ," ಎಂದಳು ಪಕ್ಕದಲ್ಲಿದ್ದ ಹೆಂಡತಿ.

ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು. ಇಡೀ ದಿನ ಕಲಿಯುವವರ ಪಕ್ಕದಲ್ಲಿ ಜೀವ ಅಂಗೈಯಲ್ಲಿ ಹಿಡಿದು ಕೂತು, ಅವರು ಮರೆತ ಬ್ರೇಕನ್ನು ತಾನು ಒತ್ತುವ ಕೆಲಸ. ಹಾಗಾಗಿ ಅವಳ ಮಾತೂ ತುಂಡು ತುಂಡು, ಆಜ್ಞೆಯ ಹಾಗೆ: ನೋಡಿ, ನಿಲ್ಲಿ, ತಿರುಗಿ, ಹೋಗಿ.

ಅವಳು ಇವತ್ತು ಇಲ್ಲಿಗೆ ಬಂದಿರುವುದೇ ಕಂಠಣ್ಣನ ಚಡಪಡಿಕೆಗೆ ಕಾರಣ.

"ಕ್ಯಾಂಟೀನಲ್ಲಿ ಕಾಫಿ ಚೆನ್ನಾಗಿರುತ್ತಂತೆ. ನೀನು ಹೋಗಿ ಕುಡಿದು ಬಾ. ಇಲ್ಲೇನು, ಐದು ನಿಮಿಷದ ಕೆಲಸ."

"ಆಗ್ಲಿಂದ ಮೂರ್ನೇ ಸಲ ಕ್ಯಾಂಟೀನು ಅಂದ್ರಿ. ನನ್ನ ಸಾಗಹಾಕೋಕೆ ಏನಿಷ್ಟು ಆತುರ? ಒಳಗೆ ಯಾರನ್ನಾದ್ರೂ ಇಟ್ಕೊಂಡಿದ್ದೀರಾ?"

ಇಟ್ಟುಕೊಂಡಿರುವುದು ನಿನ್ನನ್ನೇ ಕಣೇ ಎಂದುಕೊಂಡ ಕಂಠಣ್ಣ, ಮನಸ್ಸಿನಲ್ಲೇ. ಅವನ ದುರದೃಷ್ಟಕ್ಕೆ ಅದು ಅಕ್ಷರಶಃ ನಿಜವಾಗಿತ್ತು.

ಕಂಠಣ್ಣ ಎನ್ನುವುದು ಹುಟ್ಟುಹೆಸರಲ್ಲ, ಹೊಟ್ಟೆಪಾಡಿನ ಹೆಸರು. ಕಾರ್ಟೂನು, ಜಾಹೀರಾತು, ಹೊರಭಾಷೆಯ ಧಾರಾವಾಹಿಗಳಿಗೆ ಕಂಠದಾನ ಮಾಡುವುದು ಅವನ ಕಸುಬು. ಬಿಕ್ಕಿ ಬಿಕ್ಕಿ ಅಳುವ ಅತ್ತೆ, ಗೊಗ್ಗರು ದನಿಯ ಖಳ, ನೆಗಡಿ ಹಿಡಿದ ಆನೆ, ಪೇಸ್ಟನ್ನು ಹೊಗಳುವ ಹಲ್ಲು, ಎಲ್ಲರಿಗೂ ಒಂದೇ ಗಂಟಲು. ಇಂಥವನ ಯಕೃತ್ತು ಕೆಟ್ಟಿದೆ ಎಂದು ಸುದ್ದಿಯಾದಾಗ ನೆಂಟರಿಷ್ಟರು ಮೊದಲು ಕೇಳಿದ್ದು, "ಕಂಠಪೂರ್ತಿ ಕುಡೀತಿದ್ನಾ?" ಎಂದು. ಅವನು ಕುಡಿದದ್ದೆಂದರೆ ಗಂಟಲಿಗೆ ಬಿಸಿನೀರು ಮಾತ್ರ. ಚಿಕ್ಕಂದಿನಲ್ಲೇ ಮೈ ಹೊಕ್ಕ ಕಾಮಾಲೆಯ ವೈರಸ್ಸು ಹೇಳದೆ ಕೇಳದೆ ವರ್ಷಗಟ್ಟಲೆ ಒಳಗೇ ಕೂತು, ಮೆತ್ತಗಿದ್ದ ಯಕೃತ್ತನ್ನು ಗಂಟು ಗಂಟಾಗಿ ಗಟ್ಟಿ ಮಾಡಿಬಿಟ್ಟಿತ್ತು. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಎಂಬ ಗಾದೆ ಇವನ ವಿಷಯದಲ್ಲಿ ತಿರುಗಿಬಿತ್ತು. ಲೋಕದ ಕಣ್ಣಿಗೇ ಇವನು ಹಳದಿಯಾಗಿ ಕಂಡ.

ಔಷಧಿಯ ಕಾಲ ಮುಗಿದು ಕಸಿಯ ಕಾಲ ಬಂತು. ಬದುಕಿರುವವರು ಯಾರಾದರೂ ತಮ್ಮ ಯಕೃತ್ತಿನ ಒಂದು ಭಾಗ ಕೊಟ್ಟರೆ ಆಯಿತು, ಕೊಟ್ಟವರಲ್ಲಿ ಅದು ಮತ್ತೆ ಬೆಳೆಯುತ್ತದೆ ಎಂದರು ವೈದ್ಯರು. ಹೆಂಡತಿ ತಾನೇ ಕೊಡುತ್ತೇನೆ ಎಂದಳು. ಪರೀಕ್ಷೆ ಮಾಡಿದರೆ ಹೊಂದಿತು ಕೂಡ. "ಇಷ್ಟು ವರ್ಷಕ್ಕೆ ನಮ್ಮಿಬ್ಬರದು ಇದೊಂದಾದ್ರೂ ಹೊಂದಿತಲ್ಲ," ಎಂದು ಅವಳು ನಕ್ಕಿದ್ದಳು. "ಜೀವಮಾನವಿಡೀ ಕಂಠದಾನ ಮಾಡ್ದೆ, ಈಗ ಅಂಗದಾನ ತಗೋತೀನಿ," ಎಂದು ಅವನೂ ನಕ್ಕಿದ್ದ. ನಗು ಬಾಯಲ್ಲಿತ್ತು. ಕಾಲು ಮಾತ್ರ ಅಂದಿನಿಂದ ಒಂದು ಕಡೆ ನಿಂತಿರಲಿಲ್ಲ.

ಮುಂದಿನ ವಾರ ಆಪರೇಷನ್. ನಾಳೆ ವೈದ್ಯರೆಲ್ಲ ಕೂತು ಹೂಂ ಎನ್ನಬೇಕು. ಹಾಗೆ ಹೂಂ ಎನ್ನಬೇಕಾದವರಲ್ಲಿ ಒಬ್ಬರು ಈ ಬಾಗಿಲಿನ ಆಚೆ ಕೂತಿದ್ದ ಆಹಾರ ತಜ್ಞೆ. ಕತ್ತರಿ ಹಾಕಿಸಿಕೊಳ್ಳುವ ಮೈಯಲ್ಲಿ ತಡೆದುಕೊಳ್ಳುವ ಕಸುವಿದೆಯೇ, ಹೊಟ್ಟೆಗೆ ಬಿದ್ದದ್ದು ಮೈಗೆ ಹತ್ತುತ್ತಿದೆಯೇ ಎಂದು ಅಳೆದು ನೋಡುವುದು ಅವರ ಕೆಲಸ. ಕಂಠಣ್ಣ ಅವರಿಗೆ ತಕ್ಕಡಿ ಮೇಡಂ ಎಂದು ಹೆಸರಿಟ್ಟಿದ್ದ. ತಕ್ಕಡಿ ಮೇಡಂ ಉಹೂಂ ಎಂದು ತಲೆಯಾಡಿಸಿದರೆ ಆಪರೇಷನ್ ಮುಂದಕ್ಕೆ ಹೋಗುತ್ತದೆ. ಮುಂದಕ್ಕೆ ಹೋದರೆ ಹೆಂಡತಿಗೆ ಯೋಚಿಸಲು ಪುರಸತ್ತು ಸಿಗುತ್ತದೆ. ಪುರಸತ್ತಿನಲ್ಲಿ ಯೋಚಿಸಿದ ಯಾವ ಮನುಷ್ಯರು ತಾನೇ ತಮ್ಮ ಯಕೃತ್ತನ್ನು ಕೊಯ್ದು ಕೊಟ್ಟಾರು? ಇದು ಕಂಠಣ್ಣನ ತರ್ಕ. ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ, ಅವನ ಪಾಲಿಗೆ ಅಪರೂಪದ ಸಂಗತಿ.

ಮೊದಲ ಭೇಟಿಯಲ್ಲೇ ತಕ್ಕಡಿ ಮೇಡಂ ಕೇಳಿದ್ದರು. "ಸರ್, ಈ ಕಾಯಿಲೇಲಿ ತಲೆ ಒಂದೊಂದ್ಸಲ ಮಂಜು ಕವಿದ ಹಾಗಿರುತ್ತೆ. ನಿನ್ನೆ ತಿಂದಿದ್ದು ಇವತ್ತು ನೆನಪಿರಲ್ಲ. ಅದಕ್ಕೆ ವಾರವಾರ ನಿಮ್ಮ ಮನೆಯವರಿಗೇ ಫೋನ್ ಮಾಡಿ ಏನೇನು ತಿಂದ್ರಿ ಅಂತ ಕೇಳ್ತೀನಿ. ಅವರ ನಂಬರ್ ಕೊಡಿ." ಯಕೃತ್ತು ಸೋಸಲಾರದ ಕಲ್ಮಶ ತಲೆಗೆ ಹೋಗುತ್ತದಂತೆ. ಪಿತ್ತ ನೆತ್ತಿಗೇರುವುದು ಬರೀ ಬೈಗುಳ ಎಂದುಕೊಂಡಿದ್ದ ಕಂಠಣ್ಣನಿಗೆ ಅದು ವೈದ್ಯಶಾಸ್ತ್ರವೂ ಹೌದೆಂದು ಆವತ್ತು ತಿಳಿಯಿತು. ಹೆಂಡತಿ ಪಾಠದ ನಡುವೆ ಫೋನ್ ಎತ್ತುವುದಿಲ್ಲ ಎಂಬ ಒಳ್ಳೆಯ ಕಾರಣಕ್ಕೇ ಅವನು ತನ್ನದೇ ಇನ್ನೊಂದು ಫೋನಿನ ನಂಬರು ಕೊಟ್ಟಿದ್ದ. ಫೋನು ಬಂದಾಗ ಕೆಟ್ಟ ಕಾರಣ ತಾನಾಗಿ ಹುಟ್ಟಿಕೊಂಡಿತು. ಬಾಯಿ ತೆರೆಯುವಷ್ಟರಲ್ಲಿ ಗಂಟಲು ಹೆಂಡತಿಯದಾಗಿಬಿಟ್ಟಿತು: "ಹಲೋ, ಯಾರು? ಬೇಗ ಹೇಳಿ, ಪಾಠ ಇದೆ."

ತಮಾಷೆಗೆ ಶುರುವಾದದ್ದು. ಆದರೆ ಆ ಕಡೆಯಿಂದ ತಕ್ಕಡಿ ಮೇಡಂ ಅಷ್ಟು ನಂಬಿಕೆಯಿಂದ, "ಚೆನ್ನಾಗಿ ತಿಂತಿದ್ದಾರಾ ಅಮ್ಮ?" ಎಂದು ಕೇಳಿದ ಮೇಲೆ ಹಿಂದಕ್ಕೆ ಹೋಗಲು ಅವನಲ್ಲಿ ರಿವರ್ಸ್ ಗೇರ್ ಇರಲಿಲ್ಲ. ತಿಂತಿದ್ದಾರೆ ಎಂದ. ಬೆಳಗ್ಗೆ ಮೊಟ್ಟೆ ಎಂದ. ಮೇಡಂ ಸಂತೋಷಪಟ್ಟರು. ಸಂತೋಷಪಡಿಸುವುದು ಅವನ ವೃತ್ತಿ. ಮುಂದಿನ ವಾರ ಮೊಟ್ಟೆಯ ಜೊತೆ ಬೇಳೆ ಬಂತು, ಆಮೇಲೆ ಹಾಲು, ಆಮೇಲೆ ಬಾದಾಮಿ.

ನಿಜಕ್ಕೂ ಅವನು ತಿನ್ನುತ್ತಿದ್ದದ್ದು ಎರಡು ತುತ್ತು. ಮೂರನೆಯದಕ್ಕೆ, ಕಾಯಿಲೆಯಿಂದ ಹೊಟ್ಟೆಯಲ್ಲಿ ತುಂಬಿದ್ದ ನೀರು ಮೇಲಕ್ಕೊತ್ತಿ ಜಾಗ ಇಲ್ಲ ಎನ್ನುತ್ತಿತ್ತು. ಉಪ್ಪಿಗಿಂತ ರುಚಿಯಿಲ್ಲ ಎಂಬ ಗಾದೆಯ ಅರ್ಥ ಉಪ್ಪು ಬಿಟ್ಟವನಿಗೆ ಮಾತ್ರ ಗೊತ್ತು. ಅವನ ಬಾಯಿಗೆ ಎಲ್ಲವೂ ಒದ್ದೆ ರಟ್ಟು. ಹೆಂಡತಿ ಬೆಳಗ್ಗೆ ಡಬ್ಬಿ ತುಂಬಿಸಿಟ್ಟು ಕೆಲಸಕ್ಕೆ ಹೋದರೆ, ಅವಳು ಬರುವಷ್ಟರಲ್ಲಿ ಡಬ್ಬಿ ಖಾಲಿಯಾಗಿರುತ್ತಿತ್ತು. ಕೆಳಮನೆಯ ನಾಯಿ ಮಾತ್ರ ದಿನೇ ದಿನೇ ದುಂಡಗಾಗುತ್ತಿತ್ತು. ತಕ್ಕಡಿ ಮೇಡಂ ಅದನ್ನು ಪರೀಕ್ಷಿಸಿದ್ದರೆ ಕಣ್ಣು ಮುಚ್ಚಿಕೊಂಡು ಆಪರೇಷನ್ನಿಗೆ ಒಪ್ಪಿಗೆ ಕೊಡುತ್ತಿದ್ದರು.

ಈವರೆಗೆ ಕಂಠಣ್ಣ ಒಬ್ಬನೇ ಬಂದು ಹೋಗುತ್ತಿದ್ದ. ಇವತ್ತು ಕೊಡುವವಳ ರಕ್ತಪರೀಕ್ಷೆಯೂ ಇದೇ ಆಸ್ಪತ್ರೆಯಲ್ಲಿತ್ತು. ಅದು ಬೇಗ ಮುಗಿದು, ತೋಳಿಗೆ ಹತ್ತಿಯ ಉಂಡೆ ಅಂಟಿಸಿಕೊಂಡು ಅವಳು ನೇರ ಮೇಲಕ್ಕೆ ಬಂದಿದ್ದಳು.

ಬಾಗಿಲು ತೆರೆಯಿತು. ಕರೆದರು. ಹೆಂಡತಿ ಅವನಿಗಿಂತ ಮೊದಲು ಎದ್ದಳು.

ಕೋಣೆ ಸಣ್ಣದು. ಒಂದು ತೂಕದ ಯಂತ್ರ, ಕೈಯಿಲ್ಲದ ಒಂದು ಕುರ್ಚಿ, ಮೇಜಿನ ಮೇಲೆ ಅಳತೆಪಟ್ಟಿ, ಚಿಮಟದಂಥ ಒಂದು ಉಪಕರಣ, ಹಿಡಿಕೆಗೆ ಗಡಿಯಾರ ಕೂರಿಸಿದಂಥ ಇನ್ನೊಂದು. ತಕ್ಕಡಿ ಮೇಡಂ ಕನ್ನಡಕ ಹಣೆಗೇರಿಸಿ ಹೆಂಡತಿಯನ್ನು ನೋಡಿ ಮುಖವರಳಿಸಿದರು.

"ಬನ್ನಿ ಬನ್ನಿ ಅಮ್ಮ! ಅಂತೂ ಮುಖ ತೋರಿಸಿದ್ರಿ. ಇಷ್ಟು ದಿನ ಬರೀ ದನಿ."

"ಯಾರ ದನಿ?"

"ಅದೇ ನೋಡಿ, ಅದೇ! ಫೋನಲ್ಲೂ ಹೀಗೇ, ಪಟ್ ಅಂತ ಬ್ರೇಕ್ ಹಾಕಿದ ಹಾಗೆ ಮಾತಾಡ್ತೀರಿ. ಎಲ್ಲಿ ಕೇಳಿದ್ರೂ ಗುರುತು ಹಿಡೀತೀನಿ."

ಕಂಠಣ್ಣ ಕೆಮ್ಮಿದ. ಆ ಕೆಮ್ಮೊಂದು ಅವನ ಸ್ವಂತದ್ದು. "ಮೇಡಂ, ಮೊದಲು ತೂಕ ನೋಡಿಬಿಡೋಣ್ವಾ? ಇವಳಿಗೆ ಪಾಠ ಇದೆ, ಪಾಪ, ಹೋಗ್ಬೇಕು."

"ಇವತ್ತು ಪಾಠ ಇಲ್ಲ," ಎಂದಳು ಹೆಂಡತಿ.

"ಇರಿ ಸರ್, ಮೊದಲು ಇವರಿಗೆ ಥ್ಯಾಂಕ್ಸ್ ಹೇಳ್ಬೇಕು," ಎಂದರು ಮೇಡಂ. "ಊಟ ಆಯ್ತಾ ಅಂತ ಕೇಳಿದ್ರೆ ಎಲ್ಲ ಮನೇಲೂ 'ಹೂಂ, ಆಯ್ತು' ಅಂತಾರೆ. ಆಗಿರಲಿ ಬಿಡಲಿ, ಬಾಯಿಗೆ ಬರೋದು ಅದೇ. ನೀವು ಮಾತ್ರ ಕಣ್ಣಿಗೆ ಕಟ್ಟೋ ಹಾಗೆ ಹೇಳ್ತಿದ್ರಿ. ಬೆಳಗ್ಗೆ ಮೊಟ್ಟೆ, ಮಧ್ಯಾಹ್ನ ಗಟ್ಟಿ ಬೇಳೆ, ಮಲಗೋ ಮುಂಚೆ ಹಾಲು ಬ್ರೆಡ್ಡು. 'ನಮ್ಮ ಯಜಮಾನರು ತಟ್ಟೆ ತೊಳೆಯೋ ಕೆಲ್ಸಾನೇ ಇಡಲ್ಲ, ಅಷ್ಟು ಚೊಕ್ಕಟವಾಗಿ ತಿಂತಾರೆ' ಅಂದಿದ್ರಲ್ಲ, ಇಲ್ಲಿ ಎಲ್ರಿಗೂ ಹೇಳಿ ನಕ್ಕಿದ್ದೀನಿ."

"ಯಜಮಾನರು?" ಎಂದಳು ಹೆಂಡತಿ.

ಮದುವೆಯಾದಂದಿನಿಂದ ಅವಳು ಗಂಡನನ್ನು ಕರೆದದ್ದು 'ರೀ' ಎಂದು. ಬೇರೆಯವರ ಮುಂದೆ 'ಇವ್ರು'. ಕೋಪ ಬಂದರೆ ಬರೀ 'ಕಂಠ'. ತುಂಬ ಕೋಪ ಬಂದರೆ ಏನೂ ಇಲ್ಲ. ಅವಳ ಬಾಯಲ್ಲಿ ಯಜಮಾನರು ಎಂದರೆ ಡ್ರೈವಿಂಗ್ ಸ್ಕೂಲಿನ ಮಾಲೀಕ ಮಾತ್ರ. ದನಿ ಕದ್ದವನು ಏರಿಳಿತ ಕದ್ದಿದ್ದ, ನಿಲುಗಡೆ ಕದ್ದಿದ್ದ, ಮೂಗಿನಿಂದ ಬರುವ ಆ ಸಣ್ಣ 'ಹುಂ' ಕೂಡ ಕದ್ದಿದ್ದ. ಆದರೆ ಮನೆಯಲ್ಲಿ ಒಬ್ಬನೇ ಕೂತು ಹೆಂಡತಿಯಾಗಿ ಮಾತಾಡುವಾಗ, ಯಾರೂ ಕೇಳುವವರಿಲ್ಲ ಎಂದು ತನಗೆ ತಾನೇ ಬಡ್ತಿ ಕೊಟ್ಟುಕೊಂಡಿದ್ದ.

ಹೆಂಡತಿ ಅವನತ್ತ ತಿರುಗಿದಳು. ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ಒತ್ತಿದವರನ್ನು ಅವಳು ನೋಡುವ ನೋಟ ಅದು. ಮೇಜಿನ ಕೆಳಗೆ ಅವಳ ಬಲಗಾಲು ನೆಲವನ್ನು ಒತ್ತಿದ್ದು ಅವನಿಗೆ ಕಂಡಿತು. ಈಗ ಒದರುತ್ತಾಳೆ ಎಂದುಕೊಂಡ.

"ಹೌದು," ಎಂದಳು ಮೆಲ್ಲಗೆ. "ನಮ್ಮ ಯಜಮಾನರು ಹಾಗೇನೇ. ನೀವು ನೋಡಿ ಮೇಡಂ. ಎಲ್ಲ ನೋಡಿ. ನಾನೂ ನೋಡ್ತೀನಿ."

ಒದರಿದ್ದರೇ ವಾಸಿಯಿತ್ತು.

ತೂಕದ ಯಂತ್ರ ಹತ್ತಿದ. ಕಳೆದ ಸಲಕ್ಕಿಂತ ಹೆಚ್ಚೇ ತೋರಿಸಿತು. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತಾಯಿತು. "ಏರಿದೆ ನೋಡಿ ಮೇಡಂ! ಬೀದೀಲಿ ಎಲ್ರೂ ಹೇಳ್ತಾರೆ, ಏನಪ್ಪಾ ಮೈಕೈ ತುಂಬ್ಕೊಂಡು ಒಳ್ಳೇ ತೂಕದ ಮನುಷ್ಯ ಆಗಿದ್ದೀಯಲ್ಲ ಅಂತ."

ಮೇಡಂ ಅದನ್ನು ಬರೆದುಕೊಳ್ಳಲೂ ಇಲ್ಲ. ಬಗ್ಗಿ ಅವನ ಕಾಲಿನ ಮುಂಭಾಗವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಬಿಟ್ಟರು. ಗುಳಿ ಬಿದ್ದದ್ದು ಬಿದ್ದ ಹಾಗೇ ಇತ್ತು. "ಮೈಕೈ ತುಂಬಿರೋದು ಹೌದು ಸರ್, ತುಂಬಿರೋದು ನೀರು. ಹೊಟ್ಟೇಲಿ ನೀರು, ಕಾಲಲ್ಲಿ ನೀರು. ಅದನ್ನ ಕಳೆದು ಉಳಿದಿದ್ದೆಷ್ಟು ಅಂತ ನೋಡ್ಬೇಕು. ಒಣ ತೂಕ ಅಂತೀವಿ."

"ಒಣ ಜಂಭ ಕೇಳಿದ್ದೆ, ಒಣ ತೂಕ ಈಗ್ಲೇ ಕೇಳಿದ್ದು."

ಮೇಡಂ ನಕ್ಕರು. ಹೆಂಡತಿ ನಗಲಿಲ್ಲ. ಅವಳು ಕಾಲಿನ ಗುಳಿಯನ್ನೇ ನೋಡುತ್ತಿದ್ದಳು.

"ತೋಳು ನೋಡೋಣ. ಅಂಗಿ ತೆಗೀರಿ."

"ಚಳಿ ಮೇಡಂ."

"ಒಂದೇ ನಿಮಿಷ."

ತುಂಬುತೋಳಿನ ಅಂಗಿ ಕಳಚಿದರೆ ಒಳಗೆ ಇನ್ನೊಂದು ದಪ್ಪ ಅಂಗಿ, ಅದರೊಳಗೆ ಬನಿಯನ್ನು. ಈರುಳ್ಳಿ ಸುಲಿದ ಹಾಗೆ ಸುಲಿದದ್ದಾಯಿತು, ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ತಿಂಗಳುಗಳಿಂದ ಅವನು ಬಚ್ಚಲಲ್ಲೇ ಬಟ್ಟೆ ಬದಲಿಸಿ, ಕತ್ತಿನವರೆಗೆ ಗುಂಡಿ ಹಾಕಿಕೊಂಡು ಹೊರಬರುತ್ತಿದ್ದ. ಸುಳ್ಳುಗಾರನ ಕಥೆಯಲ್ಲಿ ಕೊನೆಗೆ ತೋಳ ಬರುತ್ತದೆ, ಇಲ್ಲಿ ತೋಳು ಬಂತು. ಹೆಗಲಿನಿಂದ ಮೊಣಕೈವರೆಗೆ ಮೂಳೆಗೆ ಚರ್ಮವನ್ನು ನೇತುಹಾಕಿದಂತಿತ್ತು. ಅದರ ಕೆಳಗೆ ಗಡಿಗೆಯಂಥ ಹೊಟ್ಟೆ, ಬೇರೆ ಯಾರದೋ ಹೊಟ್ಟೆಯನ್ನು ಇವನಿಗೆ ಹಿಡಿದುಕೊಂಡಿರಲು ಕೊಟ್ಟು ಹೋದ ಹಾಗೆ.

ಹೆಂಡತಿಯ ಗಂಟಲಿನಿಂದ ಏನೋ ಒಂದು ಸದ್ದು ಬಂತು. ಅಂಥ ಸದ್ದು ಅವಳಲ್ಲಿದೆ ಎಂದು ಕಂಠಣ್ಣನಿಗೆ ಗೊತ್ತಿರಲಿಲ್ಲ. ಅವನ ಸಂಗ್ರಹದಲ್ಲಿ ಅದು ಇರಲಿಲ್ಲ.

ಮೇಡಂ ತೋಳಿನ ಸುತ್ತ ಪಟ್ಟಿ ಸುತ್ತಿ ಅಳೆದರು. ತೋಳಿನ ಹಿಂಬದಿಯ ಚರ್ಮವನ್ನು ಚಿಮಟದಲ್ಲಿ ಹಿಡಿದು ಕೊಬ್ಬೆಷ್ಟಿದೆ ಎಂದು ನೋಡಿದರು. ಆಮೇಲೆ ಗಡಿಯಾರದ ಹಿಡಿಕೆಯನ್ನು ಅವನ ಕೈಗಿತ್ತರು. "ಆದಷ್ಟೂ ಜೋರಾಗಿ ಹಿಸುಕಿ."

ಇಲ್ಲಾದರೂ ಮಾನ ಉಳಿಸಿಕೊಳ್ಳೋಣ ಎಂದು ಕಂಠಣ್ಣ ಹಲ್ಲು ಕಚ್ಚಿ ಹಿಸುಕಿದ. ಹಿಸುಕುವಾಗ ಅಭ್ಯಾಸಬಲದಿಂದ ಕುಸ್ತಿ ಪೈಲ್ವಾನನ ಹೂಂಕಾರ ತಾನಾಗಿ ಹೊರಟಿತು. ಪಕ್ಕದ ಕೋಣೆಯಲ್ಲಿ ಯಾರೋ ಬೆಚ್ಚಿ ಕುರ್ಚಿ ಸರಿಸಿದ್ದು ಕೇಳಿಸಿತು. ಮುಳ್ಳಿಗೆ ಮಾತ್ರ ಕಿವಿಯಿರಲಿಲ್ಲ.

"ಸದ್ದು ಚೆನ್ನಾಗಿತ್ತು ಸರ್," ಎಂದರು ಮೇಡಂ. "ಈಗ ಸದ್ದಿಲ್ಲದೆ ಇನ್ನೊಂದ್ಸಲ."

ಸದ್ದಿಲ್ಲದೆ ಇನ್ನೂ ಕಡಿಮೆ ಬಂತು. ಕೈಯಿಲ್ಲದ ಕುರ್ಚಿಯ ಮೇಲೆ ಕೂರಿಸಿ, ತೋಳು ಎದೆಗೆ ಕಟ್ಟಿಸಿ, ಎದ್ದು ಕೂತು ಎದ್ದು ಕೂತು ಮಾಡಿ ಎಂದರು. ಬೆಳಗ್ಗೆಯಿಂದ ಕಾರಿಡಾರಿನಲ್ಲಿ ಕುರ್ಚಿಯಿಂದ ಕುರ್ಚಿಗೆ ಹಾರಿದವನು ಈಗ ಕೈಯೂರದೆ ಎದ್ದದ್ದು ಎರಡು ಸಲ. ಮೂರನೆಯ ಸಲ ತೊಡೆ ಅದುರಿ ದೊಪ್ಪನೆ ಕುಕ್ಕರಿಸಿದ.

ತಕ್ಕಡಿ ಮೇಡಂ ಪೆನ್ನು ಕೆಳಗಿಟ್ಟರು. ನಗು ಹೋಗಿತ್ತು.

"ಇದು ನಂಗೆ ಅರ್ಥ ಆಗ್ತಿಲ್ಲ. ನೀವು ಹೇಳಿದಷ್ಟು ತಿಂದೂ ಮಾಂಸಖಂಡ ಹೀಗೆ ಕರಗಿದೆ ಅಂದ್ರೆ, ತಿಂದಿದ್ದು ಮೈಗೆ ಹತ್ತುತ್ತಿಲ್ಲ ಅಂತಾಯ್ತು. ಒಳಗೆ ಬೇರೇನೋ ಇರಬಹುದು. ಎಲ್ಲೋ ಸೋಂಕೋ, ಗಡ್ಡೆಯೋ. ನಾಳೆ ನಾನು ಅದನ್ನೇ ಹೇಳ್ಬೇಕಾಗುತ್ತೆ. ಅದನ್ನ ಹುಡುಕಿ ಮುಗಿಸೋವರೆಗೂ ಆಪರೇಷನ್ ಮಾತು ಎತ್ತಲ್ಲ. ಹುಡುಕಿದ್ಮೇಲೆ ಬೇಡವೇ ಬೇಡ ಅಂದ್ರೂ ಅನ್ನಬಹುದು."



"ತಿನ್ನದೇ ಕರಗಿದ್ರೆ?" ಎಂದಳು ಹೆಂಡತಿ.

"ಹಾಗಿದ್ರೆ ದಾರಿ ಇದೆಯಲ್ಲ ಅಮ್ಮ! ಹೊಟ್ಟೆ ನೀರು ತೆಗೆಸಿ ಜಾಗ ಮಾಡ್ತೀವಿ. ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ ತಿನ್ನಿಸ್ತೀವಿ. ಬಾಯಲ್ಲಿ ಸಾಲದಿದ್ರೆ ಮೂಗಲ್ಲಿ ಕೊಳವೆ ಹಾಕಿ ಕೊಡ್ತೀವಿ. ಕೆಲವು ವಾರ ಮುಂದಕ್ಕೆ ಹೋಗುತ್ತೆ, ಆಮೇಲೆ ಇದೇ ಕೈ ಹೇಗೆ ಹಿಸುಕುತ್ತೆ ಅಂತ ಮತ್ತೆ ನೋಡ್ತೀವಿ. ಆದ್ರೆ ಇವರದು ಹಾಗಲ್ವಲ್ಲ. ನೀವೇ ಕಣ್ಣಾರೆ ನೋಡಿ ಹೇಳಿದ್ದೀರಿ."

ಕಂಠಣ್ಣ ಗುರಾಣಿ ಎಂದು ಹಿಡಿದದ್ದು ಕುಣಿಕೆಯಾಗಿ ಕತ್ತಿಗೆ ಬಿದ್ದಿತ್ತು. ಹಸಿದವನ ಸುಳ್ಳು ಹಸಿ ಸುಳ್ಳೇ ಆಗಬೇಕಿತ್ತೇ? ಈಗ ನಿಜ ಹೇಳಿದರೆ ಆಪರೇಷನ್ ಮುಂದಕ್ಕೆ. ಹೇಳದಿದ್ದರೆ ಬಹುಶಃ ಎಂದಿಗೂ ಇಲ್ಲ. ಹೇಳಲು ಬಾಯಿ ತೆರೆದ. ಎಷ್ಟೊಂದು ದನಿಗಳಿದ್ದ ಗಂಟಲಿನಲ್ಲಿ ಒಂದೂ ಮುಂದೆ ಬರಲಿಲ್ಲ.

"ಮೇಡಂ," ಎಂದಳು ಹೆಂಡತಿ, "ನಾನು ನಿಮ್ಮ ಜೊತೆ ಮಾತಾಡ್ತಿರೋದು ಇವತ್ತೇ ಮೊದಲು."

"ಏನಮ್ಮ ಹೀಗಂದ್ರೆ? ಹೋದ ಮಂಗಳವಾರ ತಾನೇ—"

"ಅದು ನಾನಲ್ಲ."

ಮೇಡಂ ನಕ್ಕು ನೋಡಿದರು, ನಗದೆ ನೋಡಿದರು. ಹೆಂಡತಿ ಗಂಡನತ್ತ ಗದ್ದ ಎತ್ತಿದಳು. "ಮಾಡಿ ತೋರ್ಸು, ಕಂಠ."

ಬಹುವಚನ ಹೋಗಿತ್ತು. ಕಂಠಣ್ಣ ನೆಲ ನೋಡುತ್ತ ತುಟಿ ಒದ್ದೆ ಮಾಡಿಕೊಂಡ. ಮೂಳೆಯಂಥ ತೋಳುಗಳು, ಗಡಿಗೆಯಂಥ ಹೊಟ್ಟೆ, ಬರೀ ಬನಿಯನ್ನು. ಆ ಗಂಡು ದೇಹದೊಳಗಿನಿಂದ ಡ್ರೈವಿಂಗ್ ಸ್ಕೂಲಿನ ಹೆಂಗಸಿನ ದನಿ ಸ್ಪಷ್ಟವಾಗಿ ಹೊರಬಂತು: "ಹಲೋ, ಯಾರು? ಹಾಂ ಮೇಡಂ, ಹೇಳಿ. ನಮ್ಮ ಯಜಮಾನರಿಗೇನು, ಕಲ್ಲು ತಿಂದು ಕಲ್ಲು ಕರಗಿಸ್ತಾರೆ."

ತಕ್ಕಡಿ ಮೇಡಂ ಇವನ ಬಾಯಿ ನೋಡಿದರು, ಅವಳ ಬಾಯಿ ನೋಡಿದರು, ಮತ್ತೆ ಇವನದು ನೋಡಿದರು. ಕನ್ನಡಕ ತಾನಾಗಿ ಹಣೆಯಿಂದ ಮೂಗಿಗೆ ಇಳಿಯಿತು.

"ಅಯ್ಯೋ ನಿಮ್ಮ!" ಎಂದರು. ಆಮೇಲೆ ಸಿಟ್ಟು ಬಂತು, ಬರಬೇಕಾದದ್ದೇ. "ಸರ್, ನಾಳೆ ನಾನು ಇದನ್ನ ನಂಬಿ ಒಪ್ಪಿಗೆ ಕೊಟ್ಟಿದ್ರೆ? ಇವರ ಯಕೃತ್ತು ಕೊಯ್ದು ನಿಮ್ಮೊಳಗೆ ಇಟ್ಟು, ಗಾಯ ಕೂಡೋಕೂ ನಿಮ್ಮಲ್ಲಿ ಶಕ್ತಿ ಇಲ್ದೆ ಹೋಗಿದ್ರೆ? ಇಬ್ಬರನ್ನೂ ಕೊಯ್ದ ಹಾಗಾಗ್ತಿತ್ತು."

"ತಪ್ಪಾಯ್ತು ಮೇಡಂ." ಇದು ಯಾರ ದನಿಯೆಂದು ಅವನಿಗೇ ಕ್ಷಣ ಗೊತ್ತಾಗಲಿಲ್ಲ. ಒಡಕಲಾಗಿತ್ತು, ಸಣ್ಣದಾಗಿತ್ತು. ಬಹಳ ದಿನ ಬಳಸದೆ ಮೂಲೆಯಲ್ಲಿಟ್ಟ ತನ್ನದೇ ದನಿ.

"ಇನ್ಮೇಲೆ ವಿಡಿಯೋ ಕಾಲು," ಎಂದರು ಮೇಡಂ. "ಈಗ ನಿಜ ಹೇಳಿ. ನಿನ್ನೆ ಎದ್ದಾಗಿನಿಂದ ಏನೇನು ತಿಂದ್ರಿ?"

ಕಂಠಣ್ಣ ಯೋಚಿಸಿದ. ನಿನ್ನೆ ಎಂಬುದು ಹೊಗೆ ತುಂಬಿದ ಕೋಣೆಯಂತಿತ್ತು. ಹೆಂಡತಿಯತ್ತ ನೋಡಿದ. ಅವಳಿಗೂ ಗೊತ್ತಿರಲಿಲ್ಲ. "ಕೆಳಮನೆ ನಾಯಿಗೆ ಸರಿಯಾಗಿ ಗೊತ್ತಿರುತ್ತೆ," ಎಂದ, ತಮಾಷೆಗಲ್ಲ.

ಆಮೇಲೆ ಒಂದೊಂದಾಗಿ ಹೊರಬಂತು. ಎರಡು ತುತ್ತಿಗೇ ಹೊಟ್ಟೆ ಬಿಗಿಯುವುದು. ಉಪ್ಪಿಲ್ಲದ ಬಾಯಿ. ಲಿವರ್ ಕೆಟ್ಟವರಿಗೆ ಮೊಟ್ಟೆ ಬೇಳೆ ವಿಷ ಎಂದು ಚಿಕ್ಕಪ್ಪ ಹೆದರಿಸಿದ್ದು. "ಅದು ಹಳೇ ಕಾಲದ ಮಾತು ಸರ್, ನಿಮಗೆ ಬೇರೆಯವರಿಗಿಂತ ಹೆಚ್ಚು ಬೇಕು," ಎಂದರು ಮೇಡಂ. "ಚೆನ್ನಾಗಿರೋ ಲಿವರು ರಾತ್ರಿಗೆ ಅಂತ ಒಳಗೆ ಕೂಡಿಟ್ಕೊಂಡಿರುತ್ತೆ. ನಿಮ್ಮದರಲ್ಲಿ ಉಗ್ರಾಣವೇ ಇಲ್ಲ. ರಾತ್ರಿ ಖಾಲಿ ಹೊಟ್ಟೇಲಿ ಮಲಗಿದ್ರೆ ಬೆಳಗಾಗೋದ್ರೊಳಗೆ ನಿಮ್ಮ ಮೈ ನಿಮ್ಮ ತೋಳನ್ನೇ ತಿಂದಿರುತ್ತೆ. ಅದಕ್ಕೇ ಮಲಗೋ ಮುಂಚೆ ಏನಾದ್ರೂ ತಿನ್ನಿ ಅಂತ ಬಡ್ಕೊಂಡಿದ್ದು." ಇಷ್ಟೆಲ್ಲ ಹೇಳಿ ನಿಟ್ಟುಸಿರು ಬಿಟ್ಟರು. "ಮುಂದಿನ ವಾರ ಆಗಲ್ಲ. ನಾಳೆ ಅಷ್ಟನ್ನೇ ಹೇಳ್ತೀನಿ. ಗಡ್ಡೆ ಗಿಡ್ಡೆ ಮಾತು ಈಗ್ಲೇ ಎತ್ತಲ್ಲ. ಮೊದಲು ತಿಂದು ತೋರ್ಸಿ."

ಮುಂದಿನ ವಾರ ಆಗಲ್ಲ. ಅವನು ಇಷ್ಟೆಲ್ಲ ಕಂಠಶೋಷಣೆ ಮಾಡಿಕೊಂಡಿದ್ದು ಯಾವ ಮಾತನ್ನು ತಪ್ಪಿಸಲೆಂದೋ, ಆ ಮಾತು ಬಂದೇಬಿಟ್ಟಿತು.

ಕೆಳಗೆ ಬಂದು ಕಾರು ಹತ್ತುವವರೆಗೆ ಹೆಂಡತಿ ಒಂದಕ್ಷರ ಆಡಲಿಲ್ಲ. ಡ್ರೈವಿಂಗ್ ಸ್ಕೂಲಿನ ಕಾರು, ತಲೆಯ ಮೇಲೆ ಕೆಂಪಕ್ಷರದ ಫಲಕ. ಅವಳು ಸ್ಟೀರಿಂಗ್ ಹಿಡಿದಳು. ಅವನು ಅವಳು ದಿನಾ ಕೂರುವ ಪಕ್ಕದ ಸೀಟಿನಲ್ಲಿ ಕೂತ. ಕಾಲ ಬಳಿ ಎರಡನೆಯ ಬ್ರೇಕು ಇತ್ತು. ಅದಕ್ಕೆ ತಾಗದಂತೆ ಕಾಲು ಮಡಿಸಿದ, ಚಾಚಿದ, ಮತ್ತೆ ಮಡಿಸಿದ.

ರಸ್ತೆ ಹಿಂದಕ್ಕೆ ಓಡಿತು. ಚಪ್ಪಲಿ ಅಂಗಡಿ, ಶಾಲೆಯ ಕಾಂಪೌಂಡು, ಗಾಜು ಒರೆಸುತ್ತಿದ್ದ ಯಾರೋ. ಮೌನ ಸಹಿಸುವುದು ಅವನಿಗೆ ತುರಿಕೆಗಿಂತ ಕಷ್ಟ. ಬೇರೆ ದಿನವಾಗಿದ್ದರೆ ಈ ಮೌನಕ್ಕೆ ತಾನೇ ದನಿ ಕೊಟ್ಟುಬಿಡುತ್ತಿದ್ದ. ಅವಳ ದನಿಯಲ್ಲಿ ಅವಳ ಪರವಾಗಿ ತನ್ನನ್ನೇ ಬೈದುಕೊಂಡು, ತನ್ನ ದನಿಯಲ್ಲಿ ಕ್ಷಮೆ ಕೇಳಿ, ಮತ್ತೆ ಅವಳ ದನಿಯಲ್ಲಿ ಕ್ಷಮಿಸಿಬಿಟ್ಟರೆ ಜಗಳ ಮುಗಿಯುತ್ತಿತ್ತು. ಎಷ್ಟೋ ಜಗಳಗಳು ಹಾಗೆಯೇ ಮುಗಿದಿದ್ದವು. ಈಗ ಬಾಯಿಯವರೆಗೆ ಬಂದ ದನಿ ಅಲ್ಲೇ ನಿಂತಿತು. ದನಿಯೇನೋ ಇತ್ತು. ಅದರಲ್ಲಿ ಏನು ಹೇಳಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಈ ಹೆಂಗಸು ಈಗ ಏನನ್ನುತ್ತಾಳೆ? ಊಹೆಗೆ ನಿಲುಕಲಿಲ್ಲ.

ಸಿಗ್ನಲ್ಲಿನಲ್ಲಿ ಕಾರು ನಿಂತಿತು.

"ನನ್ನ ಲಿವರ್ ನಾನಾಗೇ ಕೊಡ್ತಿದ್ದೀನಿ," ಎಂದಳು ಮುಂದೆ ನೋಡುತ್ತಲೇ. ಬಹುವಚನ ಮರಳಿತ್ತು, ಆದರೆ ಅದು ತಣ್ಣಗಿತ್ತು. "ನನ್ನ ದನಿ ಕೇಳ್ದೆ ತಗೊಂಡ್ರಿ."

"ಭಯ ಆಗಿತ್ತು ಕಣೇ. ದಿನ ಮುಂದಕ್ಕೆ ಹೋದ್ರೆ ನೀನು..."

"ನಾನು?"

"ಮನಸ್ಸು ಬದಲಾಯಿಸ್ತೀಯ ಅಂತ."

ಅವಳು ಸ್ಟೀರಿಂಗನ್ನು ಬಿಗಿಯಾಗಿ ಹಿಡಿದಿದ್ದಳು. 

"ಆ ಫೋನಲ್ಲಿ ನಾನು ಏನೇನೆಲ್ಲ ಹೇಳಿದೀನಿ?"

"ಊಟದ್ದು. ತಿಂಡೀದು."

"ನಂಗೆ ಭಯ ಆಗುತ್ತೆ ಅಂತ ಹೇಳಿದ್ನಾ?"

ಕಂಠಣ್ಣ ತಿರುಗಿ ನೋಡಿದ.

"ರಾತ್ರಿ ಎದ್ದೆದ್ದು ಹೊಟ್ಟೆ ಮುಟ್ಕೊಂಡು ನೋಡ್ಕೋತೀನಿ, ಇಲ್ಲೇ ಕೊಯ್ತಾರೆ ಅಂತ. ಅದನ್ನ ಹೇಳಿದ್ನಾ? ಆಪರೇಷನ್ ಮುಂದಕ್ಕೆ ಹೋದ್ರೆ ಸಾಕಪ್ಪಾ ಅಂತ ಒಂದೊಂದ್ಸಲ ಅನ್ನಿಸುತ್ತೆ, ಅನ್ನಿಸಿದ್ದಕ್ಕೆ ನಾಚಿಕೆ ಆಗುತ್ತೆ. ಅದನ್ನ ಹೇಳಿದ್ನಾ?"

"ಇಲ್ಲ."

"ಹಾಗಿದ್ರೆ ನೀವು ನನ್ನ ಸರಿಯಾಗಿ ಮಾಡ್ಲಿಲ್ಲ ಬಿಡಿ," ಎಂದಳು. "ಎಲ್ರೂ ಹೊಗಳ್ತಾರೆ, ಏನು ಮಿಮಿಕ್ರಿ ಏನು ಮಿಮಿಕ್ರಿ ಅಂತ. ಮಣ್ಣಂಗಟ್ಟಿ."

ಅವನ ಕೈ ತುರಿಸಲು ಮೇಲೆದ್ದದ್ದು ಗಾಳಿಯಲ್ಲೇ ನಿಂತಿತು. ಹಿಂದೆ ಯಾರೋ ಹಾರ್ನ್ ಒತ್ತಿದರು. ಹಸಿರು ದೀಪ ಬಂದಾಗಿತ್ತು.

"ಹಾಗಾದ್ರೆ... ಕೊಡಲ್ವಾ?" ಎಂದ. ಕೇಳಿದ ದನಿ ಒಡಕಲು, ಸಣ್ಣದು, ಅವನದೇ.

"ಭಯ ಆಗುತ್ತೆ ಅಂದೆ. ಕೊಡಲ್ಲ ಅಂದ್ನಾ?" ಎಂದು ಅವಳು ಗೇರ್ ಹಾಕಿದಳು. "ಕೊಡ್ತೀನಿ. ನಾಯಿಗಲ್ಲ, ನಿಮಗೆ. ಹಿಂದಿನ ಸೀಟಲ್ಲಿ ಡಬ್ಬಿ ಇದೆ, ತಗೊಳ್ಳಿ. ಎಷ್ಟಾಗುತ್ತೋ ಅಷ್ಟೇ ತಿನ್ನಿ, ಆಗದೇ ಇದ್ರೆ ಆಗಲ್ಲ ಅನ್ನಿ. ಆಯ್ತು ಅಂತ ಮಾತ್ರ ಅನ್ಬೇಡಿ."

ಕ್ಲಚ್ ಬಿಟ್ಟದ್ದು ಅವಸರವಾಯಿತೋ, ಕಾಲು ನಡುಗಿತೋ, ಕಾರು ಒಮ್ಮೆ ಮುಗ್ಗರಿಸಿ ಆಫ್ ಆಗಿಹೋಯಿತು. ಊರಿಗೆಲ್ಲ ಕಾರು ಕಲಿಸುವವಳ ಕಾರು. ಹಿಂದಿನ ಹಾರ್ನುಗಳು ಒಂದು ಎರಡಾಗಿ, ಎರಡು ಹತ್ತಾದವು. "ಏ, ಮೊದ್ಲು ಕಲ್ತುಕೊಂಡು ಬನ್ರೀ ರೋಡಿಗೆ!" ಎಂದು ಯಾರೋ ಕೂಗಿದರು. ಅವಳು ಕೀಲಿ ತಿರುಗಿಸಿದಳು. ಮತ್ತೆ ತಿರುಗಿಸಿದಳು. ಕಂಠಣ್ಣ ಡಬ್ಬಿಯ ಮುಚ್ಚಳ ತೆಗೆದು, ಮೊಟ್ಟೆಯೊಂದನ್ನು ಕೈಯಲ್ಲಿ ಹಿಡಿದು, ನುಂಗಲಾದೀತೇ ಎಂದು ನೋಡುತ್ತಿದ್ದ.